ಅಡುಗೆಮನೆಗೆ ಕಿಟಕಿ

ಸೋರುವ ನಲ್ಲಿಗೊಂದು ವಾಷರ್ ಕೊಳ್ಳಲು ಚನ್ನಪಟ್ಟಣದ ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದ ಲತಾಮಣಿ, ಒಲೆಯ ಮೇಲೆ ಹಾಲಿಟ್ಟು ಬಂದವಳ ಹಾಗೆ ಚಡಪಡಿಸುತ್ತಿದ್ದಳು. ಅವಳ ಮುಂದಿದ್ದ ಗಂಡಹೆಂಡತಿ ಗೋಡೆಗೆ ಒರಗಿಸಿದ್ದ ಕಬ್ಬಿಣದ ಕಿಟಕಿಗಳನ್ನು ನೋಡುತ್ತಲೇ ಇದ್ದರು, ಯಾವುದನ್ನೂ ಆರಿಸುತ್ತಿರಲಿಲ್ಲ.

"ನಾನು ಮದ್ವೆಯಾಗಿ ಬಂದಾಗಿಂದ ಅಡುಗೆಮನೆಗೆ ಇಲ್ದಿದ್ ಕಿಟಕಿ ಈಗ್ಯಾಕೆ?" ಎಂದಳು ಹೆಂಡತಿ.

"ಹೊಗೆ ಹೋಗ್ಲಿ ಅಂತ."

"ಗ್ಯಾಸ್ ಒಲೇಲಿ ಎಲ್ಲಿ ಹೊಗೆ ಬತ್ತದೆ?"

"ಒಗ್ಗರಣೆ ಘಾಟು ಐತಲ್ಲ."

"ನಾನು ಓದ್ತಿದ್ದ ಕಾದಂಬರಿ ತೆಗ್ದು ನೋಡಿದ್ರಾ?"

ಗಂಡ ಒಂದು ಕಿಟಕಿಯ ಸರಳು ಹಿಡಿದು ಅಲ್ಲಾಡಿಸಿದ.

"ಲೈಬ್ರರಿ ಪುಸ್ತಕ ತಾನೆ. ಒಸಿ ನೋಡ್ದೆ."

"ಎಲ್ಲೀಗಂಟ?"

"ಕತೇಲಿ ಆಯಮ್ಮ ಮನೆ ಬುಟ್ಟು ಹೋಯ್ತಳಲ್ಲ, ಅಲ್ಲೀಗಂಟ. ಕಿಟಕಿ ಇಲ್ದಿದ್ ಅಡುಗೆಮನೇಲಿ ಉಸಿರು ಕಟ್ತದೆ ಅಂದ್ಬುಟ್ಟು ಹೋದ್ಲು."

"ಕಿಟಕಿ ಇಲ್ಲ ಅಂತ ಹೋಗ್ಲಿಲ್ಲ ಕಣ್ರೀ. ನಿಂಗೇನ್ ಬೇಕು ಅಂತ ಆ ಮನೇಲಿ ಒಬ್ರೂ ಕೇಳ್ಲಿಲ್ಲ. ಅದ್ಕೆ ಹೋದ್ಲು."

ಲತಾಮಣಿ ವಾಷರ್ ಮರೆತು ಒಂದು ಹೆಜ್ಜೆ ಹತ್ತಿರ ಸರಿದಳು. ಗಂಡ ಸರಳು ಬಿಟ್ಟು, ಕೈಗಂಟಿದ ತುಕ್ಕನ್ನು ಪಂಚೆಗೆ ಒರೆಸಿಕೊಂಡ.

"ಸರಿ, ನಾನ್ ಕೇಳ್ತಾ ಇವ್ನಿ. ನಿಂಗೇನ್ ಬೇಕು?"

"ಬಾಗ್ಲು."

"ಏನು?"

"ಕಿಟಕಿ ಬ್ಯಾಡ. ಅಡುಗೆಮನೆ ಹಿಂದುಗಡೆ ಗೋಡೆಗೆ ಒಂದು ಬಾಗ್ಲು ಇಡ್ಸಿ."

ಗಂಡ ಅಂಗಡಿಯವನ ಕಡೆ ತಿರುಗಿದ.

"ಬಾಗ್ಲು ಎಲ್ಲಿಟ್ಟಿದ್ದೀಯಣ್ಣ?"

ಅಂಗಡಿಯವನು ಗೋಡೌನ್ ತೋರಿಸಿದ. ಗಂಡ ಮುಂದೆ ಹೋದ. ಹೆಂಡತಿ ಹಿಂದೆ ಹೊರಟವಳು ಗೋಡೌನಿನ ಹೊಸ್ತಿಲು ದಾಟುತ್ತಾ ಹೇಳಿದಳು.

"ಚಿಲಕ ಒಳಗಡೆಗೆ ಮಾತ್ರ ಇರ್ಲಿ. ಹೊರಗಡೆಗೆ ಬ್ಯಾಡ."