ಗಂಟಲು ಕಟ್ಟಿದಾಗ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಒಬ್ಬನೇ ಕೂತಿದ್ದ ಟೈಲರಿಗೆ ಪಕ್ಕದ ಬೆಂಚಿನವರ ಮಾತು ಕೇಳಿಸಿತು. ಒಬ್ಬರು ಪಾದ್ರಿ, ಇನ್ನೊಬ್ಬರು ಅವರ ಚರ್ಚು ಗುಡಿಸುವ ಅಜ್ಜಿ.

“ಭಾನುವಾರ ಸಂತೋಷದ ಬಗ್ಗೆ ಅಷ್ಟೊತ್ತು ಹೇಳಿದ್ರಲ್ಲ ಅಯ್ಯನೋರೇ, ನನ್ನ ಕೈಲಿ ಆಗ್ತಿಲ್ಲ. ಮಗಳು ತೀರ್ಕೊಂಡಾಗಿಂದ ಪ್ರಾರ್ಥನೇನೂ ಬರೀ ಬಾಯಿಪಾಠ.”

“ನನ್ನ ಕೈಲೂ ಆಗ್ತಿಲ್ಲಮ್ಮ. ಮನೆಯವಳು ಹೋಗಿ ವರ್ಷವಾಯ್ತು. ಈಗ ಗೋಡೆ ಜೊತೇನೇ ಮಾತು.”

“ಮತ್ತೆ ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದ್ರಿ?”

“ನನಗೂ ಕೇಳಿಸ್ಲಿ ಅಂತ.”

ಅಜ್ಜಿ ಕಿಸಕ್ಕನೆ ನಕ್ಕರು. “ಹಾಡುವಾಗ ನಡುವೆ ನಿಮ್ಮ ಗಂಟಲು ಕಟ್ಟುತ್ತೆ. ನಾನು ನೋಡ್ತಿರ್ತೀನಿ.”

“ಆಗ ನೀವು ಹಾಡು ಎತ್ಕೊಳ್ತೀರಲ್ಲ. ಅದಕ್ಕೇ ನಾನಿನ್ನೂ ಬಂದು ನಿಲ್ತಿರೋದು.”

ನರ್ಸ್ ಕರೆದಳು. ಔಷಧಿ ಬಿಟ್ಟ ಪಾದ್ರಿಯ ಕಣ್ಣಿಗೆ ದಾರಿ ಮಂಜಾಗಿತ್ತು. ಅಜ್ಜಿ ಪಾದ್ರಿಯ ಕೈ ಹಿಡಿದು ಒಳಗೆ ಕರೆದೊಯ್ದರು.

ಯಾವ ಚರ್ಚು ಎಂದು ಕೇಳಲು ಟೈಲರು ಎದ್ದ. ಅಷ್ಟರಲ್ಲಿ ಬಾಗಿಲು ಮುಚ್ಚಿತು.