ಸದ್ದು ಮಾಡದ ಡಿಸ್ಕು

...ಅಲ್ಲ ಧರ್ಮೇಶ, ಮನೆ ಕ್ಯಾಮೆರಾ ಡಬ್ಬಿಗೆ ಒಂದು ಹಾರ್ಡ್ ಡಿಸ್ಕು ಕೊಡಪ್ಪ ಅಂದ್ರೆ, ವಧುಪರೀಕ್ಷೆಗೆ ಕೂರಿಸಿದಂಗೆ ಮೂರು ಡಬ್ಬಿ ಸಾಲಾಗಿ ಇಟ್ಟು ಸುಮ್ನೆ ನಿಂತ್ಕೊಂಡುಬಿಟ್ಯಲ್ಲ? ತಿತಿಮತಿಯಿಂದ ಮೊದಲ ಬಸ್ಸಿಗೆ ನೇತಾಡ್ಕೊಂಡು ಗೋಣಿಕೊಪ್ಪಕ್ಕೆ ಬಂದಿದ್ದೀನಿ. ಸದ್ದು ಮಾಡದೇ ಇರೋದು ಯಾವುದು, ಅದನ್ನ ಹೇಳು ಸಾಕು.

ಈ ಕರೀದಾ? ಜೋರಾಗಿ ತಿರುಗ್ತದೆ ಅಂತ ಡಬ್ಬಿ ಮೇಲೇ ಬರ್ದವ್ರೆ. ಬೇಡಪ್ಪ. ಜೋರಾಗಿ ತಿರುಗೋರು ನಮ್ಮ ಮನೇಲಿ ಆಗ್ಲೇ ಒಬ್ರು ಅವ್ರೆ. ನಮ್ಮ ಯಜಮಾನ್ರು ಆನೆ ಓಡಿಸೋ ಸಂಘಕ್ಕೆ ಅಧ್ಯಕ್ಷರಾದ ಮೇಲೆ ಬೆಳಗ್ಗೆ ಮಡಿಕೇರಿ, ಸಾಯಂಕಾಲ ತಿತಿಮತಿ. ಕಾಫಿ ಗಿಡ ಚಿಗುರು ತೆಗೆಸೋರಿಲ್ದೆ ಕಾಡು ಸೇರ್ತಾ ಐತೆ, ಅದಕ್ಕೆ ಪುರುಸೊತ್ತಿಲ್ಲ. ಭಾಷಣಕ್ಕೆ ಮಾತ್ರ ಬೇಕಾದಷ್ಟು ಪುರುಸೊತ್ತು.

ಈ ನೀಲೀದು? ಓದ್ದೆ ಓದ್ದೆ, ಬೆರಳು ತೋರಿಸ್ಬೇಡ. ಕ್ಯಾಮೆರಾಗೆ ಅಂತಾನೇ ಮಾಡಿರೋದು, ಹಗಲೂ ರಾತ್ರಿ ಎಲ್ಲಾ ಹಿಡಿದಿಟ್ಕೊಳ್ತದೆ, ಬಲು ನಂಬಿಕಸ್ಥ. ಅಯ್ಯೋ ರಾಮ. ಕಂಡಿದ್ದೆಲ್ಲಾ ಊರಿಗೆ ಹೇಳೋನ್ನ ಯಾರಾದ್ರೂ ನಂಬ್ತಾರೇನಪ್ಪ? ಕಂಡೂ ಬಾಯಿ ಮುಚ್ಕೊಂಡಿರೋನ್ನ ನಂಬ್ತಾರೆ. ಅಂಥದ್ದು ಇದ್ರೆ ತೆಗಿ.

ಸದ್ದಾದ್ರೆ ಏನು ಅಂತೀಯಾ? ಕೇಳು. ನಮ್ಮ ಕ್ಯಾಮೆರಾ ಡಬ್ಬಿ ಇರೋದು ಅಡಿಗೆಮನೆ ಅಟ್ಟದ ಮೇಲೆ, ಹಿತ್ತಲ ಕಿಟಕಿಗೆ ಅಂಟ್ಕೊಂಡು. ಹಗಲೂ ರಾತ್ರಿ ಕಟಕಟ, ಕಟಕಟ, ಹಲ್ಲು ಕಡಿಯೋ ಕೂಸಿನ ಥರ. ಆ ಸದ್ದು ಕೇಳಿದ್ರೆ ಅವನು ಬೇಲಿ ಹತ್ರಾನೇ ನಿಂತ್ಬಿಡ್ತಾನೆ, ಈಚೆ ಬರೋದೇ ಇಲ್ಲ, ಸಂಕೋಚ...

ಯಾಕೆ ಹುಬ್ಬು ಏರಿಸ್ತೀಯ? ಯಾರು ಅಂದ್ರೆ? ಯಜಮಾನ್ರು ಕಣಯ್ಯ. ಬೆನ್ನ ಹಿಂದೆ ಗಂಡನ್ನ 'ಅವನು' ಅನ್ನೋದು ಎಲ್ರ ಮನೇಲೂ ಇರೋದೇ. ಅಧ್ಯಕ್ಷರು ಬೇಲಿ ಹತ್ರ ನಿಂತ್ಕೋಬಾರ್ದು ಅಂತ ಕಾನೂನೈತಾ? ನಗ್ಬೇಡ... ಓ, ನಗ್ತಾ ಇಲ್ವಾ. ನಕ್ಕಿದ್ರೇ ಚೆನ್ನಾಗಿತ್ತು. ಮಾತಿನಮಲ್ಲ ಅಂತ ಹೆಸ್ರು ತಗೊಂಡೋನು, ಇವತ್ತು ಬಾಯಿಗೆ ಬೀಗ ಜಡ್ಕೊಂಡು ನಿಂತಿದ್ದೀಯ.

ಹಳೇ ಡಿಸ್ಕು ಸತ್ತೋಯ್ತು ಬಿಡು. ಯಜಮಾನ್ರು ನಿನ್ನೆ ತಂದುಕೊಟ್ಟವ್ರಂತಲ್ಲ, ಅದ್ರಲ್ಲಿರೋ ಆನೆ ಚಿತ್ರ ತೆಗ್ದುಕೊಡು ಅಂತ. ನಾಳೆ ಫಾರೆಸ್ಟಿನೋರು ಸಾಕಾನೆ ಕರ್ಕೊಂಡು ಹಿಡಿಯೋಕೆ ಬರ್ತಾರೆ, ಸಾಕ್ಷಿ ತೋರಿಸ್ಬೇಕಂತೆ. ಸಾಕ್ಷಿ ಯಾಕಪ್ಪ? ಆನೆ ಗುದ್ದಿ ನಿಮ್ಮ ಅಡಿಗೆಮನೆ ಗೋಡೆ ಬಿದ್ದಿಲ್ವಾ? ನಿಮ್ಮಮ್ಮ ಹೊನ್ನಮ್ಮ ಅದ್ರಡಿ ಸಿಕ್ಕಿ ಕಾಲು ಮುರ್ಕೊಂಡು ಇಲ್ಲೇ ಮೇಲಿನ ರಸ್ತೆ ಆಸ್ಪತ್ರೇಲಿ ಮಲಗಿಲ್ವಾ? ಆನೆ ಹಿಡೀಬೇಕು ಅಂತ ಮನೆಮನೆ ಸುತ್ತಿ ಸೈನು ಹಾಕ್ಸಿದೋನು ನೀನೇ. ಇನ್ನೇನು ಬೇಕು?

ಅದಲ್ಲ, ಯಜಮಾನ್ರ ತಲೇಲಿ ಬೇರೆ ಹುಳ ಹೊಕ್ಕೈತೆ. ಊರಲ್ಲಿ ಎಲ್ರೂ ಹಲಸನ್ನ ಹಣ್ಣಾಗೋಕೆ ಮೊದ್ಲೇ ಕಡ್ದು ಗುಂಡೀಲಿ ಹೂತಾಯ್ತು. ವಾಸನೆ ಹಿಡ್ಕೊಂಡು ಆನೆ ಬರಬಾರ್ದು ಅಂತ ಸಂಘದ ಕಟ್ಟುಪಾಡು. ಮತ್ತೆ ಇದು ಯಾಕೆ ದಿನಾ ನಮ್ಮ ಕಡೆಗೇ ಬತ್ತದೆ? ಯಾರೋ ಹಣ್ಣು ಇಡ್ತಾವ್ರೆ ಅಂತ. ಸಿಕ್ಕಿದ್ರೆ ಅಂಥೋರ ಮನೆ ಹೊಸ್ತಿಲು ಯಾರೂ ತುಳೀಬಾರ್ದು ಅಂತ ತೀರ್ಮಾನ ಬೇರೆ.

ನನ್ನನ್ಯಾಕೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ನಮ್ಮ ಮರದ್ದು ನಾನೇ ನಿಂತು ಹೂಳ್ಸಿದ್ದೀನಿ. ಒಂದೆರಡು ಕೈತಪ್ಪಿರ್ಬೋದು, ವಯಸ್ಸಾಯ್ತು.

ಇರು. ಆ ಹಳೇ ಡಿಸ್ಕನ್ನ ಯಾಕೆ ನಿನ್ನ ಕಂಪ್ಯೂಟ್ರಿಗೆ ಸಿಕ್ಸಿಟ್ಟಿದ್ದೀಯ? ದೀಪ ಮಿಣಮಿಣ ಅಂತೈತಲ್ಲ. ಸತ್ತಿರೋದು ಹೆಂಗೆ ಮಿಣಮಿಣ ಅಂತದೆ? ಸತ್ತೈತೆ ಅಂತ ನಾನು ಹೇಳ್ತಾ ಇದ್ದೀನಲ್ಲಪ್ಪ. ಅದ್ರ ಮೇಲೆ ಒಂದು ಚೆಂಬು ಬಿಸಿನೀರು ನಾನೇ ಕೈಯಾರೆ... ಅಂದ್ರೆ, ಚೆಲ್ಲೋಯ್ತು. ಬಿಸಿನೀರು ಅಟ್ಟ ಹೆಂಗೆ ಹತ್ತಿತು ಅಂತ ಕೇಳ್ಬೇಡ. ಡಬ್ಬಿ ಮುಚ್ಚಳ ಅಷ್ಟು ಗಟ್ಟಿ ಅಂತ ಯಾರಿಗೆ ಗೊತ್ತಿತ್ತು?

ಏನಾದ್ರೂ ಅನ್ನು ಮಾರಾಯ. ಕಂಪ್ಯೂಟ್ರ ಟಿವಿ ಯಾಕೆ ನನ್ನ ಕಡೆ ತಿರುಗಿಸ್ತೀಯ? ಕನ್ನಡಕ ತಂದಿಲ್ಲ ನಾನು.

...ಹ್ಞೂ, ನಮ್ಮ ಹಿತ್ಲೇ. ಹ್ಞೂ, ಅವನೇ. ನೋಡು ಹೆಂಗೆ ಕುಂಟ್ತಾನೆ. ಯಾವನೋ ಹಂದಿಗೆ ಅಂತ ಉರುಳು ಕಟ್ಟಿ, ಅದು ಇವನ ಕಾಲಿಗೆ ಬಿದ್ದು, ಕೀವಾಗಿ... ಹಿಂಡು ಬಿಟ್ಟು ಹೋಯ್ತು. ಹೊಟ್ಟೆಗಿಲ್ದೆ ಪಕ್ಕೆ ಎಲುಬೆಲ್ಲಾ ಕಾಣ್ತಿತ್ತು, ನೋಡೋಕಾಗ್ತಿರಲಿಲ್ಲ.

ಆಯ್ತಪ್ಪ, ಹಣ್ಣು ಇಟ್ಟಿದ್ದು ನಾನೇ. ಹೋಗಿ ಯಜಮಾನ್ರಿಗೆ ಹೇಳು. ನಿಮ್ಮ ಗೋಡೆ ಬೀಳ್ಸಿದ್ದೂ ನಾನೇ ಅಂತ ಹೇಳು. ನನ್ನ ಹೊಸ್ತಿಲು ಯಾರೂ ತುಳೀದೇ ಇದ್ರೆ ಗುಡಿಸೋ ಕೆಲಸ ಕಮ್ಮಿ. ಸಾಕು, ಇನ್ನು ನಿಲ್ಸು ಅದನ್ನ. ಮುಂದಕ್ಕೆ ಓಡಿಸ್ಬೇಡ. ನಿಲ್ಸು ಅಂದ್ನಲ್ಲ ಧರ್ಮೇಶ, ನಿನ್ನ ಕಾಲಿಗೆ ಬೀಳ್ತೀನಿ, ಅದು ಬೇಡ...

ಧರ್ಮೇಶ?

ಮೊದಲೇ ನೋಡ್ಬಿಟ್ಟಿದ್ದೀಯ. ನಾನು ಬರೋಕ್ಕಿಂತ ಮೊದ್ಲೇ, ಪೂರ್ತಿ. ಅದಕ್ಕೇ ನಿನ್ನ ಬಾಯಿಂದ ಮಾತು ಹೊರಡ್ತಿಲ್ಲ. ನಾನೊಬ್ಳು ಪೆದ್ದಿ, ಡಬ್ಬಿ ಆರಿಸ್ತಾ ಕೂತಿದ್ದೀನಿ.

ಹೌದು ಕಣಪ್ಪ. ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಸ್ಕೊಂಡು, ಕೂತು, ಹಣ್ಣು ಸೀಳಿ ಸೀಳಿ ಇಡ್ತಿರೋದು ನಿಮ್ಮಮ್ಮನೇ. ಹಲಸು ಹೂಳ್ದೆ ಗೋಣಿಚೀಲದ ಕೆಳಗೆ ಮುಚ್ಚಿಟ್ಟೋಳು ನಾನು, ದಿನಾ ಸಾಯಂಕಾಲ ಬಂದು ಇಡ್ತಿದ್ದೋಳು ಅವಳು, ಈಗ ಅವಳ ಬದ್ಲು ನಾನು. ಅವತ್ತು ಮಳೆ ಅಂತ ಒಂದು ಹಣ್ಣನ್ನ ಮನೆಗೆ ಹೊತ್ಕೊಂಡೋಗಿ ಒಲೆ ಪಕ್ಕ ಇಟ್ಕೊಂಡ್ಲು, ಬೆಳಗ್ಗೆಗೆ ಚೆನ್ನಾಗಿ ಕಳಿತದೆ ಅಂತ. ಅವನು ವಾಸನೆ ಹಿಡ್ಕೊಂಡು ಬಂದ. ಮಧ್ಯೆ ಗೋಡೆ ಇತ್ತು. ಅಷ್ಟೇ ನಡೆದಿದ್ದು.

ನನ್ನ ಕೈ ಹಿಡ್ಕೊಂಡು ಹೇಳಿದ್ಲು, ಧರ್ಮೇಶಂಗೆ ಮಾತ್ರ ಗೊತ್ತಾಗ್ಬಾರ್ದು ಸಿದ್ದಮ್ಮ, ನನ್ನ ಸಲುವಾಗಿ ಊರೆಲ್ಲಾ ಅಲೆದವ್ನೆ, ಅವನ ಮುಖಕ್ಕೆ ಹೊಡ್ದಂಗಾಯ್ತದೆ ಅಂತ. ಅದಕ್ಕೇ ಬಂದೆ ಕಣಪ್ಪ. ಇನ್ಯಾತಕ್ಕೂ ಅಲ್ಲ. ನಾಳೆ ಆ ಕುಂಟಾನೇನ ಲಾರಿ ಹತ್ತಿಸಿದ್ರೆ ಅವಳಿಗೆ ಏನಂತ ಹೇಳ್ಲಿ? ದಿನಾ ನೋಡೋಕೆ ಹೋಗ್ತೀನಲ್ಲ, ಕಾಲಿನ ಸುದ್ದೀನೇ ಎತ್ತಲ್ಲ. ಬಾಗಿಲಲ್ಲಿ ನನ್ನ ಕಂಡ ತಕ್ಷಣ, ತಿಂದ್ನಾ ಅಂತಾಳೆ.

ಮುಖ ಒರೆಸ್ಕೋ. ಯಜಮಾನ್ರಿಗೆ ಆ ಚಿತ್ರ ಕೊಡ್ತೀಯೋ, ಅಳಿಸ್ತೀಯೋ, ನಿನಗೆ ಬಿಟ್ಟಿದ್ದು, ನಾನಿನ್ನು ಬಾಯಿ ಹಾಕಲ್ಲ. ಅಂಗಡಿ ಬಾಗ್ಲು ಎಳ್ಕೊಂಡು ಆಸ್ಪತ್ರೆಗೆ ನಡಿ ಮೊದ್ಲು. ಇಷ್ಟು ದಿನ, ತಿಂದ ಕಣೇ, ಅಂತ ನಾನು ಹೇಳ್ತಿದ್ದೆ. ಇವತ್ತು ನೀನು ಹೇಳು.