ಹಸಿರು ಟ್ಯಾಂಕು ನಿಲ್ಲುವ ಮೂಲೆ

ಶಹಾಪುರದ ಹತ್ತಿ ಬಜಾರದ ಹಿಂದಿನ ಓಣಿಯಲ್ಲಿ ಮಧ್ಯಾಹ್ನ ಶುರುವಾದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಟೆಂಪೋ ಡ್ರೈವರ್ ಲಾಡ್ಲೇಸಾಬ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಮೇಲೆ ತಾಡಪಾಲು ಹೊದಿಸಿ, ತಲೆ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದ. ಅವನನ್ನು ಬಾಡಿಗೆಗೆ ಕರೆತಂದಿದ್ದ ಚೇತನಕುಮಾರ ಆಗಲೇ ಒಳಗೆ ಕೂತು ಸೋದರತ್ತೆ ಶಿವಬಸಮ್ಮನ ಮುಖ ನೋಡುತ್ತಿದ್ದ.

ಚೇತನಕುಮಾರ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ಚಹಾದ ಹೋಟೆಲು ಹಾಕಿದ್ದ. ಗೋಡೆಗೆ ಹಳೆಯ ರೇಡಿಯೋ, ಕಂದೀಲು, ಗ್ರಾಮಾಫೋನಿನ ಕಹಳೆ ಎಲ್ಲ ಸಿಕ್ಕಿಸಿ, ನಡುವೆ ಇಡಲು ಒಂದೇ ಒಂದು ವಸ್ತುವಿಗಾಗಿ ಜಾಗ ಬಿಟ್ಟಿದ್ದ. ಅತ್ತೆಯ ಗೋದಾಮಿನಲ್ಲಿ ಬಿದ್ದಿದ್ದ, ಯುದ್ಧದ ಟ್ಯಾಂಕಿನ ವಿಡಿಯೋ ಆಟದ ಮೇಜು ಅದು. ಮೇಲೆ ಗಾಜು, ಗಾಜಿನ ಕೆಳಗೆ ಮಿನುಗುವ ಪರದೆ, ನಾಲ್ಕೂ ಬದಿಗೆ ಒಂದೊಂದು ಹಿಡಿಕೆ, ಒಂದೊಂದು ಕೆಂಪು ಗುಂಡಿ. ಚಿಕ್ಕವನಿದ್ದಾಗ ಎಣ್ಣೆ ಡಬ್ಬಿಯ ಮೇಲೆ ನಿಂತು ಅದನ್ನು ಆಡಿದವನು ಅವನು. ಗುಂಡು ತಗುಲಿ ಟ್ಯಾಂಕು ಸಿಡಿಯುವಾಗಿನ ಆ ‘ಢರ್ರ್’ ಸದ್ದು ನಲವತ್ತು ದಾಟಿದ ಮೇಲೂ ಅವನ ಕಿವಿಯಿಂದ ಹೋಗಿರಲಿಲ್ಲ. ಬಂದ ಗಿರಾಕಿ ಚಹಾ ಮರೆತು ಅದರ ಸುತ್ತ ನಿಲ್ಲಬೇಕು, ಬಾಲ್ಯವೆಲ್ಲ ಒಮ್ಮೆಗೇ ನುಗ್ಗಿ ಬರಬೇಕು ಎಂಬುದು ಅವನ ಲೆಕ್ಕ.

“ಮಳಿ ನಿಂತ ಕೂಡಲೇ ಏರಿಸ್ತೀವಿ ಅತ್ತಿ,” ಎಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಸೊಸೆ ಮಲ್ಲೇಶ್ವರಿ ಮೇಣದಬತ್ತಿ ಹಚ್ಚಿ ತಂದಿಟ್ಟಳು. ಇಟ್ಟವಳು ಒಳಗೆ ಹೋಗದೆ, ಅತ್ತೆಯ ಮಗ್ಗುಲಿಗೇ ಸರಿದು ಕೂತಳು. ಶಿವಬಸಮ್ಮ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು. ಎಪ್ಪತ್ತು ದಾಟಿದ ಹೆಂಗಸು. ದನಿ ಮಾತ್ರ ಬಜಾರದಲ್ಲಿ ನಿಂತು ಕೂಗಿದರೆ ಆಚೆ ತುದಿಗೆ ಕೇಳುವಂಥದ್ದು.

“ಒಯ್ಯಾಕ ಬಂದೀ, ಒಯ್ಯಿ. ಬ್ಯಾಡ ಅನ್ನಂಗಿಲ್ಲ. ಆದ್ರ ಏನು ಒಯ್ಯಾಕತ್ತೀ ಅನ್ನೋದು ತಿಳ್ಕೊಂಡು ಒಯ್ಯಿ. ಲಾಡ್ಲೇಸಾಬ, ನೀನೂ ಕೇಳಪಾ... ಗಾಡಿಯಾಗ ಅದರ ಸಂಗಾಟ ಹೋಗಾಂವ ನೀನ.”

“ಹೇಳ್ರಿ ಅವ್ವಾರ,” ಎಂದು ಲಾಡ್ಲೇಸಾಬ ನಕ್ಕು ಕಂಬಕ್ಕೆ ಒರಗಿದ.

“ನಿಮ್ಮ ಮಾಮಾ ಅದನ್ನ ಹೈದರಾಬಾದದಿಂದ ತಂದು ಬಜಾರದಾಗಿನ ನಮ್ಮ ಅಂಗಡಿಯಾಗ ಇಳಿಸಿದಾಗ ಓಣಿಗೆ ಓಣಿನೇ ಬಂದು ನಿಂತಿತ್ತು. ಹತ್ತಿ ಹೊರೋ ಹಮಾಲರು, ಲಾರಿ ಡ್ರೈವರು, ಕಾಲೇಜ ಹುಡುಗರು... ನಾಕು ಕಡಿ ನಾಕು ಮಂದಿ ಬಗ್ಗಿ ನಿಂತ್ರಂದ್ರ ಊಟಾ ಇಲ್ಲ, ನೀರಿಲ್ಲ. ಕೆಂಪು, ನೀಲಿ, ಹಳದಿ, ಹಸರು, ನಾಕು ಟ್ಯಾಂಕ. ಗ್ವಾಡಿ ಸಂದ್ಯಾಗ ಅಡಗೋದು, ಹೊಡಿಯೋದು, ಓಡೋದು. ಈಗ ನೀವು ಫೋನಿನ್ಯಾಗ ಆಡ್ತೀರಿ, ಎದುರಿಗೆ ಯಾರದಾರ ಅನ್ನೋದ ಗೊತ್ತಿರಂಗಿಲ್ಲ. ಅವತ್ತ ಹಂಗಿತ್ತೇನು? ಹೊಡದಾಂವನ ಮಕ ಎದುರಿಗೇ ಇರ್ತಿತ್ತು, ಅವನ ಬೆವರ ಹನಿ ನಮ್ಮ ಗಾಜಿನ ಮ್ಯಾಲ ಬೀಳ್ತಿತ್ತು. ಸೋತಾಂವ ನಕ್ಕೊಂತ ಬೈತಿದ್ದ, ಗೆದ್ದಾಂವ ಚಾ ಕುಡಸ್ತಿದ್ದ.

“ಅಂಗಡಿ ಖಾಲಿ ಇದ್ದಾಗ ನಾನೂ ಕಲ್ತೆ. ಯಾಕ ಕಲೀಬಾರದು? ಸೆರಗ ಸೊಂಟಕ್ಕ ಸಿಗಸಿ ಕೆಂಪ ಟ್ಯಾಂಕ ಹಿಡದು ನಿಂತೆ ಅಂದ್ರ, ಇಡೀ ಶಹಾಪುರದಾಗ ನನ್ನ ಎದುರಿಗೆ ನಿಲ್ಲೋ ಗಂಡಸು ಒಬ್ಬನ ಇದ್ದ. ದೇವಿಂದ್ರ.”

ಆ ಹೆಸರು ಹೇಳುವಾಗ ಅತ್ತೆಯ ಮುಖದಲ್ಲಿ ಮೂಡಿದ ನಗೆ ಚೇತನಕುಮಾರನಿಗೆ ಹೊಸದು. ಒಳ್ಳೆಯ ಎದುರಾಳಿಯನ್ನು ನೆನೆದಾಗ ಆಟಗಾರರ ಮುಖದಲ್ಲಿ ಬರುವ ನಗೆ ಅದು.

“ದೇವಿಂದ್ರ ಸುರಪುರದ ಆಚಿ ಹೊಳಿದಂಡಿ ಊರಾಂವ. ಮೀನ ಹಿಡಿಯೋ ಮಂದಿ. ಸಂತಿ ದಿನಾ ಇಲ್ಲಿಗೆ ಬರ್ತಿದ್ದ, ಬುಟ್ಟಿ ಖಾಲಿ ಮಾಡಿ, ಸಬಕಾರ ಹಚ್ಚಿ ಕೈ ತೊಳ್ಕೊಂಡು ಮೇಜಿಗೆ ಬರ್ತಿದ್ದ. ಹಸರ ಟ್ಯಾಂಕ ಬಿಟ್ಟು ಬ್ಯಾರೆ ಹಿಡೀತಿರಲಿಲ್ಲ. ಬೆನ್ನಿಗೆ ಎಂದೂ ಹೊಡೀತಿರಲಿಲ್ಲ, ‘ತಿರುಗ್ರಿ ಅಕ್ಕಾರ’ ಅಂದು, ನಾ ತಿರುಗಿದ ಮ್ಯಾಲನ ಹೊಡೀತಿದ್ದ. ಅವನದೊಂದು ರೂಢಿ ಇತ್ತು... ಟ್ಯಾಂಕ ತಿರುಗಿಸೋಕಿಂತ ಮೊದಲ ಹಿಡಿಕಿ ಜರಾ ಹಿಂದ ಎಳದು, ಆಮ್ಯಾಲ ಮುಂದ ದೂಕ್ತಿದ್ದ. ಹರಗೋಲಿಗೆ ಹುಟ್ಟ ಹಾಕೋ ಕೈ ನೋಡು, ಬಿಡಬೇಕಲ್ಲ! ಹಿಂಗಾಗಿ ಹಸರ ಟ್ಯಾಂಕ ಗುರುಗುಟ್ಟಿಕೊಂತ ಒಂಚೂರು ಹಿಂದ ಸರದು ಮುಂದ ಹೋಗ್ತಿತ್ತು. ಕಣ್ಣ ಮುಚ್ಚಿದ್ರೂ ಆ ಸಪ್ಪಳದ ಮ್ಯಾಲ ‘ಇಂವ ದೇವಿಂದ್ರ’ ಅಂತಿದ್ದೆ ನಾನು.

“ಆ ವರ್ಷ ಮಳಿ ಜೋರಿತ್ತು. ನಾರಾಯಣಪುರ ಡ್ಯಾಮಿನಿಂದ ನೀರ ಬಿಟ್ರು. ಹೊಳಿ ಉಕ್ಕಿ ಬಂತು. ಮೊದಲ ಸಂತಿಗೆ ಅಂವ ಬರಲಿಲ್ಲ, ಮುಂದಿನ ಸಂತಿಗೂ ಬರಲಿಲ್ಲ. ಹೊಳ್ಯಾಗ ಹಾಕಿದ್ದ ಮೀನಿನ ಬಲಿ ತರಾಕ ಹರಗೋಲ ಒಯ್ದಾಂವ ಹೊಳ್ಳಿ ಬಂದಿಲ್ಲ ಅಂತ ಸುದ್ದಿ ಬಂತು. ಹರಗೋಲ ಸಿಕ್ಕಿತ್ತು, ಅಂವ ಸಿಕ್ಕಿರಲಿಲ್ಲ. ಮಂದಿ ಬಾಯಿ ಸುಮ್ನ ಇರ್ತದೇನು? ಒಬ್ರು ಪುಣೆದಾಗ ನೋಡಿವಿ ಅಂದ್ರು, ಇನ್ನೊಬ್ರು ಯಾವಾಕಿನ್ನೋ ಕಟ್ಟಿಕೊಂಡು ಹೋಗ್ಯಾನ ಅಂದ್ರು. ಅವನ ಹೆಂಡತಿ ಹಣಮಂತಮ್ಮ... ಇನ್ನಾ ಸಣ್ಣ ವಯಸ್ಸು... ಮುಂಜಾನೆ ಎದ್ದು ಕುಂಕುಮ ಹಚ್ಕೋಬೇಕೋ ಬ್ಯಾಡೋ ಅನ್ನೋದು ತಿಳೀದ, ಕನ್ನಡಿ ಮುಂದ ಹಂಗ ಕುಂತಿರ್ತಿದ್ಳಂತ.”

ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಲಾಡ್ಲೇಸಾಬ ಕಂಬ ಬಿಟ್ಟು ಮುಂದಕ್ಕೆ ಬಂದು ಕೂತ.

“ಒಂದ ಮಧ್ಯಾಹ್ನ ನಾ ಒಬ್ಬಾಕಿನ ಆಡಾಕತ್ತಿದ್ದೆ. ಅಂಗಡಿಯಾಗ ಒಂದ ನರಪಿಳ್ಳಿ ಇರಲಿಲ್ಲ. ಹಸರ ಟ್ಯಾಂಕ ಮಿಸುಕಿತು. ಮಶೀನ ಅಲ್ಲೇನು, ಏನರ ಆಗಿರ್ಬೇಕು ಅಂತ ನಾ ನನ್ನಷ್ಟಕ್ಕ ನಾ ಆಡಿದೆ. ಆವಾಗ ಅದು... ಜರಾ ಹಿಂದ ಸರೀತು. ಸರದು ಮುಂದ ಹೋತು.

“ಹೆದರಿದ್ರೇನಂತ ಕೇಳ್ತೀಯಾ? ಯಾಕ ಹೆದರ್ಲಿ? ಗುರ್ತಿನ ಕೈ. ಆದ್ರ ಅವತ್ತ ಅಂವ ಆಡಾಕ ಬಂದಿರಲಿಲ್ಲ. ನಾ ಎದುರಿಗೆ ಹೋಗಿ ನಿಂತ್ರೂ ಹೊಡೀಲಿಲ್ಲ. ಸೀದಾ ತೆಳಗಿನ ಮೂಲಿಗೆ ಹೋದ. ಅಲ್ಲಿ ನೀರಿಂದು ಒಂದ ನೀಲಿ ಪಟ್ಟಿ, ಅದರ ಬಾಜೂಕ ಎರಡ ಗ್ವಾಡಿ ತುಣುಕು. ಆ ಎರಡರ ಸಂದ್ಯಾಗ ಹೋಗಿ, ಮಕ ಗ್ವಾಡಿಗೆ ಹಚ್ಚಿ ನಿಂತ. ನಾ ಒಂದ ಗುಂಡ ಹೊಡದ ನೋಡಿದೆ. ಗುಂಡ ಅವನೊಳಗಿಂದ ಹಾದು ಗ್ವಾಡಿಗೆ ಬಡೀತು. ಟ್ಯಾಂಕ ಸಿಡೀಲಿಲ್ಲ. ಆ ಕಡಿ ಹಿಡಿಕಿ ನೋಡಿದೆ... ತೊಯ್ದಿತ್ತು. ನೀರ ತೊಟ್ಟಿಕ್ಕಿ ನೆಲಕ್ಕ ಬೀಳಾಕತ್ತಿತ್ತು. ಹೊಸ ನೀರಿನ ಕೆಸರ ವಾಸನಿ ಅಂಗಡಿ ತುಂಬ.

“ನಿಮ್ಮ ಮಾಮಾ ನಂಬಲಿಲ್ಲ. ಕಲಬುರಗಿಯಿಂದ ಮೆಕ್ಯಾನಿಕ್ಕನ್ನ ಕರಸಿ ಹಿಡಿಕಿ ಬದಲಿ ಮಾಡಿಸಿದ್ರು. ಮರದಿನಾ ಮತ್ತ ಅದ ಮೂಲಿ, ಅದ ಸಂದಿ, ಹಂಗ ನಿಂತದ. ಅವರು ಕಣ್ಣಾರೆ ನೋಡಿ, ಬೆವತು, ‘ಒಡದ ಹಾಕ್ತೀನಿ’ ಅಂತ ಕಬ್ಬಿಣದ ಹಾರಿ ತಗೊಂಡ್ರು. ನಾ ಅಡ್ಡ ನಿಂತೆ. ‘ಅಂವ ಏನೋ ಹೇಳಾಕತ್ಯಾನ. ಕೇಳೋಕಿಂತ ಮೊದಲ ಬಾಯಿ ಬಡೀತೀರೇನು?’ ಅಂದೆ. ಮರದಿನಾ ಸುರಪುರದ ಬಸ್ಸ ಹತ್ತಿ, ಅಲ್ಲಿಂದ ಆಟೋದಾಗ ಹೊಳಿದಂಡಿಗೆ ಹೋಗಿ, ಹಣಮಂತಮ್ಮನ ಕರಕೊಂಡು ಬಂದೆ.”

“ಆಕಿ ಬಂದ್ಳೇನು?” ಚೇತನಕುಮಾರನ ಬಾಯಿಂದ ತಾನಾಗಿ ಮಾತು ಹೊರಟಿತು.

“ಬರಲಾರದ ಏನು ಮಾಡ್ತಾಳ? ಗಂಡ ಬದುಕ್ಯಾನೋ ಸತ್ತಾನೋ ತಿಳೀದ ಹೆಣಮಗಳು, ಯಾರು ಕರದ್ರೂ ಬರ್ತಾಳ. ಆ ಮೇಜು ಆಕಿ ಎಂದೂ ಕಂಡಾಕಿ ಅಲ್ಲ. ಮ್ಯಾಗಿಂದ ಬಗ್ಗಿ ನೋಡಿದ್ಳು. ಹಸರ ಟ್ಯಾಂಕ ಹೋಗಿ ಆ ಸಂದ್ಯಾಗ ನಿಂತಿತು. ಆಕಿ ಬೆರಳ ಗಾಜಿನ ಮ್ಯಾಲಿಟ್ಟು, ‘ಅಕ್ಕಾರ, ಈ ನೀಲಿದು ನಮ್ಮ ಹೊಳಿರಿ. ಇವೆರಡು ಅದರಾಗಿನ ಜೋಡಗುಂಡ, ದೊಡ್ಡ ಕಲ್ಲಬಂಡೆರಿ. ನಮ್ಮ ಮಂದಿ ಗುಂಡ ದಾಟಿ ನೀರ ಹರಿಯೋ ಕಡಿ ಹರದಾರಿಗಟ್ಟಲೆ ಹುಡಿಕ್ಯಾರ... ಸಂದ್ಯಾಗ ಹುಡಿಕಿಲ್ರಿ’ ಅಂದ್ಳು. ಅಂದು ಆ ಹಿಡಿಕಿ ಮ್ಯಾಲ ಕೈ ಇಟ್ಳು. ಇಟ್ಟಾಕಿ ತಗೀಲೇ ಇಲ್ಲ. ‘ಹಿಡಕೊಂಡಾನ್ರಿ ಅಕ್ಕಾರ... ನನ್ನ ಕೈ ಹಿಡಕೊಂಡಾನ್ರಿ’ ಅಂತ ಅಂದು ಅಳಾಕ ಹತ್ತಿದ್ಳು. ನಾ ನೋಡೀನಿ. ಆಕಿ ಬೆರಳು ಬಿಳಚಿಕೊಂಡಿದ್ವು, ಯಾರೋ ಗಟ್ಟಿ ಹಿಚಿಕಿದಂಗ.

“ನಾನೂ ಆಕಿ ಸಂಗಾಟ ಹೋಗಿ ಊರಾಗ ಹೇಳಿದ್ರ ನಕ್ರು. ಆಟದ ಮಶೀನ ನೋಡಿ ಹೆಣ ಹುಡುಕಾಕ ಬಂದಾರ ಅಂದ್ರು. ಹಣಮಂತಮ್ಮ ಸೆರಗ ಬಿಗದು ತಾನ ಹರಗೋಲಕ್ಕ ಇಳದ್ಳು. ಹೆಣಮಗಳು ಒಬ್ಬಾಕಿ ಹೊಂಟಾಳಂದ ಮ್ಯಾಲ ಗಂಡಸರು ದಂಡಿ ಮ್ಯಾಲ ನಿಂದ್ರಾಕ ಆಗ್ತದೇನು? ಆಕಿ ಮೈದುನ ಬಾಲರಾಜ ಮೊದಲ ಹಾರಿದ. ಜೋಡಗುಂಡದ ಸಂದ್ಯಾಗ ಮುಳುಗಿ ಎದ್ದಾಂವನ ಮಕ ನೋಡಿದ ಕೂಡಲೇ ನಮಗ ತಿಳೀತು. ಮೀನಿನ ಬಲಿ ಕಾಲಿಗೆ ಸುತ್ತಿಕೊಂಡು, ಕಲ್ಲಗುಂಡಿಗೆ ಮಕ ಹಚ್ಚಿ... ಹಂಗ ನಿಂತಿದ್ದ ದೇವಿಂದ್ರ. ನಿಂತೇ ಇದ್ದ.”

ಮೇಣದಬತ್ತಿಯ ಕುಡಿ ಅಲುಗಿತು. ಮಲ್ಲೇಶ್ವರಿ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

“ಮಣ್ಣ ಮಾಡಿದ್ರು. ದಿನಕರ್ಮನೂ ಮಾಡಿದ್ರು. ಪುಣೆದಾಗ ನೋಡಿದಾವರ ಬಾಯಿ ಮುಚ್ಚಿತು. ಹಣಮಂತಮ್ಮ ಅತ್ತು ಹಗರಾದ್ಳು, ಗಂಡನ ಹರಗೋಲ ತಾನ ನಡಸಾಕ ಹತ್ತಿದ್ಳು. ಈಗೂ ಅದಾಳ, ಗಟ್ಟಿ ಅದಾಳ.”

ಚೇತನಕುಮಾರನ ತಲೆಯಲ್ಲಿ ಆಗಲೇ ಬೇರೊಂದು ಲೆಕ್ಕ ಓಡುತ್ತಿತ್ತು. ಇಂಥ ಕತೆಯಿದ್ದರೆ ಮೇಜಿನ ಸುತ್ತ ಜನ ಇನ್ನೂ ಹೆಚ್ಚು ಕೂಡುತ್ತಾರೆ. “ಹಂಗಾದ್ರ ಮುಗೀತಲ್ಲ ಅತ್ತಿ. ಅವನಿಗೆ ಶಾಂತಿ ಆತು,” ಎಂದ.

“ನಾನೂ ಹಂಗ ಅಂದ್ಕೊಂಡಿದ್ದೆ.” ಶಿವಬಸಮ್ಮ ಕಾಲು ಮಡಚಿ ನೆಟ್ಟಗೆ ಕೂತಳು. “ಮುಂದಿನ ಮಳಿಗಾಲದಾಗ ಹಸರ ಟ್ಯಾಂಕ ಮತ್ತ ಬಂತು. ಆದ್ರ ಒಂದ ಬರಲಿಲ್ಲ. ಅದರ ಬೆನ್ನಿಗೆ ಇನ್ನೊಂದಿತ್ತು. ಬಿಳಿದು. ಬಿಳಿ ಟ್ಯಾಂಕ ಆ ಮಶೀನಿನ್ಯಾಗ ಇಲ್ಲ ತಮ್ಮಾ. ನೀನೂ ಆಡೀದಿ, ಎಂದರ ಕಂಡೀದೇನು?”

ಚೇತನಕುಮಾರ ಇಲ್ಲವೆಂದು ತಲೆ ಆಡಿಸಿದ.

“ಹೊಸದಾಗಿ ಬಂದಾವರಿಗೆ ದಾರಿ ತೋರಸ್ತಾರಲ್ಲ, ಹಂಗ ಹಸರದು ಮುಂದ, ಬಿಳಿದು ಹಿಂದ. ಕರಕೊಂಡು ಹೋಗಿ ನೀಲಿ ಪಟ್ಟಿಯ ಮ್ಯಾಗಿನ ತುದಿಗೆ ನಿಲ್ಲಿಸಿ, ತಾ ಹೊಳ್ಳಿ ಹೋತು. ನಾ ಹಣಮಂತಮ್ಮಗ ಹೇಳಿ ಕಳಸಿದೆ. ಕಾಲವಿಗೆ ಬಿದ್ದು ಹೊಳಿಗೆ ಕೊಚ್ಚಿ ಬಂದಿದ್ದ ಗೋಗಿ ಊರ ಕಡಿ ಆಳೊಬ್ಬ ಹೆಣಾ ಆಗಿ ಅಲ್ಲೇ ಸಿಕ್ಕ. ಅವನ ಮನಿಯಾವರು ಇನ್ನಾ ಹುಡುಕಾಕ ಸುದ್ದಾ ಹೊಂಟಿರಲಿಲ್ಲ. ನಿಮ್ಮ ಮಾಮಾ ಅವತ್ತ ಅಂಗಡಿ ಮುಚ್ಚಿದ್ರು. ಮೇಜನ್ನ ಗೋದಾಮಿಗೆ ಹಾಕಿ, ವೈರ ಬುಡಕ್ಕ ಕತ್ತರಿಸಿದ್ರು. ನೋಡು ಬೇಕಾದ್ರ, ಅದಕ್ಕ ವೈರ ಇಲ್ಲ.”

“ವೈರ ಇಲ್ಲಂದ ಮ್ಯಾಲ ಬಂದ್ ಆಗಿರ್ಬೇಕಲ್ರಿ,” ಲಾಡ್ಲೇಸಾಬ ಕೇಳಿದ.

ಶಿವಬಸಮ್ಮ ಸೊಂಟದಿಂದ ಗೋದಾಮಿನ ಕೀಲಿ ತೆಗೆದು ಅಳಿಯನ ಅಂಗೈಯಲ್ಲಿ ಇಟ್ಟಳು. ಕೀಲಿ ಬೆಚ್ಚಗಿತ್ತು.

“ಒಯ್ಯೋದಿದ್ರ ಖುಷಿಲೆ ಒಯ್ಯಿ. ಆದ್ರ ಮಳಿಗಾಲದಾಗ ದಿನಾ ಸಂಜಿಗೊಮ್ಮೆ ಅದರ ಮುಂದ ನಿಲ್ಲಬೇಕು. ನಿನ್ನ ಹೋಟೆಲದಾಗ ಚಾ ಕುಡಿಯೋ ಮಂದಿ ನಡುವ ದೇವಿಂದ್ರ ಹೊಳ್ಯಾಗ ಮುಳುಗಿದ ಒಬ್ಬರನ್ನ ಕರಕೊಂಡು ಬಂದ್ರ, ಹೊಳಿಗೆ ಸುದ್ದಿ ಮುಟ್ಟಿಸೋರು ಯಾರು? ನೀ ಮುಟ್ಟಸ್ತೀಯಾ? ಹಂಗಂತ ನನಗ ಮಾತ ಕೊಟ್ಟು ಒಯ್ಯಿ.”

ಚೇತನಕುಮಾರ ತಲೆ ಎತ್ತಿ ಕಿವಿಗೊಟ್ಟ. ಮಳೆಯ ಸದ್ದಿನ ಅಡಿಯಲ್ಲಿ, ಹಿತ್ತಲ ಗೋದಾಮಿನ ಕಡೆಯಿಂದ ಇನ್ನೊಂದು ಸದ್ದು ಕೇಳುತ್ತಿತ್ತು. ಸಣ್ಣದಾಗಿ ಗುರುಗುಟ್ಟುವ ಸದ್ದು. ಒಮ್ಮೆ ತಡೆದು, ಹಿಂದೆ ಸರಿದಂತಾಗಿ, ಮತ್ತೆ ಮುಂದಕ್ಕೆ ಹೊರಟಿತು. ಲಾಡ್ಲೇಸಾಬನೂ ಕೇಳಿಸಿಕೊಂಡಿದ್ದ. ಅವನ ಕಣ್ಣು ಹಿತ್ತಲ ಬಾಗಿಲಿನ ಮೇಲೇ ನೆಟ್ಟಿತ್ತು.

ಮಲ್ಲೇಶ್ವರಿ ಮಾತ್ರ ರೂಢಿಯಾದವಳ ಹಾಗೆ ಗೋಡೆಯ ಮಾಡದಿಂದ ಅತ್ತೆಯ ಫೋನು ತಂದು ಕೊಟ್ಟಳು.

“ಹೋಗಿ ನೋಡಿ ಬಾ,” ಎಂದಳು ಶಿವಬಸಮ್ಮ, ಫೋನನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತ. “ಕರೆಂಟ ಇಲ್ಲ ಅಂತ ಕತ್ತಲಿಗೆ ಅಂಜಬ್ಯಾಡ, ಒಳಗ ಬೆಳಕ ಇರ್ತದ. ಹಸರದು ಒಂದ ಇದ್ರ, ‘ಆರಾಮ ಅದೀ ಏನಪಾ’ ಅಂದು ಬಾಗಲಾ ಹಾಕ್ಕೊಂಡು ಬಾ. ಬಿಳಿದು ಎಷ್ಟರ ಇರ್ಲಿ... ಎಲ್ಲಿ ನಿಂತದ ಅಷ್ಟ ನೋಡ್ಕೊಂಡು ಬಂದು ಹೇಳು. ಹಣಮಂತಮ್ಮ ಮಳಿ ದಿನಾ ಫೋನ ಕೈಯಾಗ ಹಿಡಕೊಂಡ ಕುಂತಿರ್ತಾಳ.”